ಲ್ಯಾಪ್‌ಟಾಪಿನ ಪರದೆಗೆ ಗೆರೆ ಬಂದರೆ: ವಾರಂಟಿ ಪಡೆಯುವ ದಾರಿ

ನಮ್ಮ ಕಡೆ ವಾರಂಟಿ ಅನ್ನೋ ಮಾತು ಮೊದಲು ಬಂದದ್ದು ಪಂಪ್‌ಸೆಟ್ಟಿನ ಜೊತೆಗೆ. ಆಮೇಲೆ ಸ್ಪ್ರೇಯರ್, ಟಿವಿ, ಮೊಬೈಲ್. ಈಗ ಲ್ಯಾಪ್‌ಟಾಪ್. ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳಿಂದ ಮೈಸೂರಿಗೆ ಓದಲು ಹೋಗುವ ಮಕ್ಕಳಿದ್ದಾರೆ. ಕಾಲೇಜು ಸೇರಿದ ಮೇಲೆ ‘ಲ್ಯಾಪ್‌ಟಾಪ್ ಬೇಕೇ ಬೇಕು’ ಅನ್ನುತ್ತಾರೆ. ಕೊಡಿಸದೆ ಗತ್ಯಂತರವಿಲ್ಲ.

ನನ್ನದು ಗುಂಡ್ಲುಪೇಟೆ ತಾಲೂಕಿನಲ್ಲಿ ನಾಲ್ಕೂವರೆ ಎಕರೆ ಮಳೆಯಾಶ್ರಿತ ಹೊಲ. ಮುಂಗಾರಿಗೆ ಸೂರ್ಯಕಾಂತಿ, ಜೋಳ. ಹಿಂಗಾರಿಗೆ ಹುರುಳಿ. ಬೋರ್‌ವೆಲ್ ಇಲ್ಲ. ಓದಿದ್ದು ಏಳನೇ ಕ್ಲಾಸು. ಮಗಳಿಗೆ ರೂ. 43,500 ಕೊಟ್ಟು ಲ್ಯಾಪ್‌ಟಾಪ್ ತಂದೆವು. ಒಣ ಬೇಸಾಯದವನಿಗೆ ಇದು ಎಷ್ಟು ದೊಡ್ಡ ಹಣ ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಂಟನೇ ತಿಂಗಳಲ್ಲಿ ಪರದೆಯ ಎಡಭಾಗದಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಕಾಣಿಸಿಕೊಂಡಿತು. ವಾರದೊಳಗೆ ಒಂದು ಇದ್ದದ್ದು ಮೂರಾಯಿತು. ವಾರಂಟಿ ಒಂದು ವರ್ಷ. ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿ ಹೇಳಿದ್ದು: ‘ಇದು ಪೆಟ್ಟು ಬಿದ್ದಿರೋದು. ವಾರಂಟಿ ಬರಲ್ಲ. ಹೊಸ ಪರದೆಗೆ ರೂ. 12,800 ಆಗುತ್ತೆ.’ ಕೊನೆಗೆ ಒಂದು ಪೈಸೆ ಖರ್ಚಿಲ್ಲದೆ ಹೊಸ ಪರದೆ ಹಾಕಿಕೊಟ್ಟರು. ನಡುವೆ ನಡೆದದ್ದು ಜಗಳವಲ್ಲ, ಕಾಗದದ ಕೆಲಸ. ಆ ಕೆಲಸ ಏನು ಅನ್ನುವುದೇ ಈ ಬರಹ.

ಒಂದೇ ಪ್ರಶ್ನೆ

ಇಡೀ ವಾರಂಟಿ ವ್ಯವಹಾರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಕೆಟ್ಟದ್ದು ಒಳಗಿನ ದೋಷದಿಂದಲೋ, ಹೊರಗಿನ ಪೆಟ್ಟಿನಿಂದಲೋ? ಒಳಗಿನದಾದರೆ ಕಂಪೆನಿಯ ಖರ್ಚು. ಹೊರಗಿನದಾದರೆ ನಮ್ಮ ಖರ್ಚು.

ಬಂಡೀಪುರ ಕಾಡಂಚಿನ ರೈತರಿಗೆ ಇದು ಹೊಸ ಪ್ರಶ್ನೆಯಲ್ಲ. ಗಿಡ ಮಲಗಿದರೆ ಬುಡ ಕೊಳೆತದ್ದೋ, ರಾತ್ರಿ ಹಂದಿ ತುಳಿದದ್ದೋ ಅಂತ ಮೊದಲು ಬುಡ ನೋಡುತ್ತೇವೆ. ಪರದೆಗೂ ಹಾಗೇ ಬುಡ ನೋಡಬೇಕು. ಅದಕ್ಕೆ ಪರದೆ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ತಿಳಿದಿರಬೇಕು.

ಪರದೆಯ ಒಳಗೆ ಏನಿದೆ?

ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳದ್ದು ಎಲ್‌ಸಿಡಿ ಪರದೆ. ಹಿಂದೆ ಬೆಳಕು ಕೊಡುವ ಎಲ್‌ಇಡಿ ಸಾಲು. ಮುಂದೆ ತೆಳುವಾದ ಎರಡು ಗಾಜು. ಗಾಜುಗಳ ನಡುವೆ ದ್ರವದಂಥ ಒಂದು ವಸ್ತು. ವಿದ್ಯುತ್ ಕೊಟ್ಟಂತೆ ಇದು ಹಿಂದಿನ ಬೆಳಕನ್ನು ಬಿಡುತ್ತೆ ಇಲ್ಲವೇ ತಡೆಯುತ್ತೆ.

ಚಿತ್ರ ಮೂಡುವುದು ಚುಕ್ಕೆಗಳಿಂದ. ‘ಫುಲ್ ಎಚ್‌ಡಿ’ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆ. ಗುಣಿಸಿದರೆ 20,73,600. ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು.

ಇಷ್ಟು ಚುಕ್ಕೆಗೂ ಒಂದೊಂದು ತಂತಿ ಎಳೆಯಲಾಗದು. ಆದ್ದರಿಂದ ಸಾಲು ಸಾಲಾಗಿ ವಿದ್ಯುತ್ ಕೊಡುತ್ತಾರೆ. ಗಾಜಿನ ಅಂಚಿನಲ್ಲಿ ಬಲು ಸಣ್ಣ ತಂತಿಪಟ್ಟಿಗಳನ್ನು ಅಂಟಿಸಿರುತ್ತಾರೆ. ಯಂತ್ರ ಕಾದು ಆರಿ, ಕಾದು ಆರಿ ಅಲ್ಲಿ ಒಂದು ಬೆಸುಗೆ ಸಡಿಲವಾದರೆ ಸಾಕು, ಆ ಇಡೀ ಸಾಲು ಕೈಕೊಡುತ್ತೆ. ಡ್ರಿಪ್ಪಿನಲ್ಲಿ ಒಂದು ಲ್ಯಾಟರಲ್ ಪೈಪು ಬುಡದಲ್ಲಿ ಕಟ್ಟಿಕೊಂಡರೆ ಆ ಸಾಲಿನ ಗಿಡವೆಲ್ಲ ಒಣಗಿ, ಪಕ್ಕದ ಸಾಲು ಹಸಿರಾಗೇ ಇರುತ್ತದಲ್ಲ, ಹಾಗೆ. ನೇರವಾದ, ನೂಲು ಹಿಡಿದಂಥ ಗೆರೆ ಬರುವುದು ಹೆಚ್ಚಾಗಿ ಇದರಿಂದ.

ಇನ್ನೊಂದು ಜಾಗ ಕೀಲು. ಪರದೆಯನ್ನು ಕೆಳಗಿನ ಯಂತ್ರಕ್ಕೆ ಜೋಡಿಸುವ ಕೇಬಲ್ ಕೀಲಿನ ಮೂಲಕ ಹಾದುಹೋಗುತ್ತೆ. ದಿನಾ ತೆಗೆದು ಮುಚ್ಚಿ ಅಲ್ಲಿ ಸವೆಯಬಹುದು. ಆಗ ಪರದೆ ಮಿಣುಕುತ್ತೆ, ಇಲ್ಲವೇ ಗೆರೆ ಬಂದು ಹೋಗಿ ಮಾಡುತ್ತೆ.

ಪೆಟ್ಟಿನ ಗುರುತು ಬೇರೆ. ಜೇಡರಬಲೆಯಂಥ ಬಿರುಕು, ಒಂದೇ ಬಿಂದುವಿನಿಂದ ಸುತ್ತ ಹರಡಿದ ಗೆರೆ, ಶಾಯಿ ಚೆಲ್ಲಿದಂಥ ಕಪ್ಪು ಕಲೆ. ಕೀಲಿಮಣೆಯ ಮೇಲೆ ಪೆನ್ನು ಬಿಟ್ಟು ಮುಚ್ಚಳ ಹಾಕಿದರೆ, ಬ್ಯಾಗಿನ ಮೇಲೆ ಭಾರ ಹೇರಿದರೆ ಹೀಗಾಗುತ್ತೆ. ಇದಕ್ಕೆ ಮಾಮೂಲಿ ವಾರಂಟಿ ಇಲ್ಲ. ಅಪಘಾತದ ರಕ್ಷಣೆ ಅಂತ ಬೇರೆ ದುಡ್ಡು ಕೊಟ್ಟು ತೆಗೆದುಕೊಂಡಿದ್ದರೆ ಮಾತ್ರ ಉಂಟು.

ಮನೆಯಲ್ಲೇ ಐದು ಪರೀಕ್ಷೆ

ಸರ್ವಿಸ್ ಸೆಂಟರಿಗೆ ಬಸ್ಸು ಹತ್ತುವ ಮೊದಲು ಇವನ್ನು ಮಾಡಿ. ಖರ್ಚಿಲ್ಲ. ಇಂಗ್ಲಿಷ್ ಓದಲು ಮಕ್ಕಳ ಸಹಾಯ ಸಾಕು.

1. ಯಂತ್ರ ಆರಿಸಿ. ಕಪ್ಪು ಪರದೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಿರುಕು, ತಗ್ಗು ಇದೆಯಾ ನೋಡಿ. ನಾಲ್ಕು ಮೂಲೆ, ಹಿಂಬದಿ, ಕೀಲು ಎಲ್ಲವನ್ನೂ ನೋಡಿ.

2. ಯಂತ್ರ ಶುರುವಾಗುವಾಗ ಎಫ್-2, ಎಫ್-10 ಅಥವಾ ಡಿಲೀಟ್ ಕೀಲಿ ಒತ್ತಿದರೆ (ಕಂಪೆನಿಯಿಂದ ಕಂಪೆನಿಗೆ ಬೇರೆ) ‘ಬಯೋಸ್’ ಅನ್ನುವ ಪುಟ ಬರುತ್ತೆ. ಅಲ್ಲಿ ಏನನ್ನೂ ಬದಲಿಸಬೇಡಿ. ಗೆರೆ ಅಲ್ಲೂ ಇದೆಯೋ ನೋಡಿ. ಇದ್ದರೆ ಅದು ವಿಂಡೋಸ್ ಅಥವಾ ಸಾಫ್ಟ್‌ವೇರಿನ ತೊಂದರೆ ಅಲ್ಲ.

3. ಗೆರೆ ಇರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ. ಮೊಬೈಲಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಯಂತ್ರ ಸರಿಯಾದ ಚಿತ್ರವನ್ನೇ ತಯಾರಿಸುತ್ತಿದೆ. ತೋರಿಸುವ ಕಡೆ ದೋಷ.

4. ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ. ಟಿವಿಯಲ್ಲಿ ಗೆರೆ ಇಲ್ಲದಿದ್ದರೆ ದೋಷ ಪರದೆಯದ್ದು ಅಥವಾ ಅದರ ಕೇಬಲ್ಲಿನದ್ದು. ಟಿವಿಯಲ್ಲೂ ಗೆರೆ ಇದ್ದರೆ ದೋಷ ಕೆಳಗಿನ ಯಂತ್ರದ್ದು.

5. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಗೆರೆ ಬಂದು ಹೋಗಿ ಮಾಡಿದರೆ ಕೀಲಿನ ಕೇಬಲ್ ಮೇಲೆ ಅನುಮಾನ. ಕದಲದೆ ನಿಂತರೆ ಪರದೆಯ ಮೇಲೆ.

ಐದನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಯಂತ್ರ ನಿಮ್ಮ ಕೈ ಬಿಡುವ ಮೊದಲು ಬಿರುಕು ಇರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಮಾಡಬಾರದ್ದು ಎರಡು. ಬೆರಳಿನಿಂದ ಪರದೆ ಒತ್ತಿ ‘ಸರಿ ಮಾಡಲು’ ಹೋಗಬೇಡಿ. ಪೇಟೆಯ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿಸಬೇಡಿ. ಹೊರಗಿನವರು ಬಿಚ್ಚಿದ್ದಾರೆ ಅಂತ ಗೊತ್ತಾದರೆ ಕಂಪೆನಿಗೆ ಅದೊಂದು ನೆಪ ಸಾಕು.

ಒಂದೆರಡು ಚುಕ್ಕೆ ಕೆಟ್ಟರೆ?

ಗೆರೆಯ ಬದಲು ಒಂದೇ ಚುಕ್ಕೆ ಕಪ್ಪಾಗಿಯೋ, ಸದಾ ಉರಿಯುತ್ತಲೋ ಇದ್ದರೆ ಕೂಡಲೇ ಪರದೆ ಬದಲಾಯಿಸಿಕೊಡುವುದು ಕಡಿಮೆ. ಇಂತಿಷ್ಟು ಚುಕ್ಕೆ ಕೆಟ್ಟರೆ ದೋಷವಲ್ಲ ಅಂತ ಕಂಪೆನಿಗಳು ಲೆಕ್ಕ ಇಟ್ಟುಕೊಂಡಿವೆ. ಆ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ವಾರಂಟಿ ಪುಸ್ತಕದಲ್ಲಿ ಅಥವಾ ಕಂಪೆನಿಯ ವೆಬ್‌ಸೈಟಿನಲ್ಲಿ ಇರುತ್ತೆ. ಆದ್ದರಿಂದ ಲ್ಯಾಪ್‌ಟಾಪ್ ಕೊಂಡ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಪರದೆ ನೋಡಿ. ಆನ್‌ಲೈನ್ ಅಂಗಡಿಯಲ್ಲಿ ತೆಗೆದುಕೊಂಡರೆ ಬದಲಾಯಿಸಿಕೊಡುವ ಅವಧಿ ಕೆಲವೇ ದಿನ. ಅದು ದಾಟಿದ ಮೇಲೆ ಕಂಪೆನಿಯ ಸರ್ವಿಸ್ ಸೆಂಟರೇ ಗತಿ.

ಹೊರಡುವ ಮೊದಲು

ಬಿಲ್ಲು. ಅದರಲ್ಲಿ ತಾರೀಖು, ಅಂಗಡಿಯ ಜಿಎಸ್‌ಟಿ ನಂಬರು, ಯಂತ್ರದ ಸೀರಿಯಲ್ ನಂಬರು ಇರಲಿ. ಸೀರಿಯಲ್ ನಂಬರು ಯಂತ್ರದ ಅಡಿಯಲ್ಲೂ ಇರುತ್ತೆ. ಎರಡೂ ಒಂದೇ ಇದೆಯಾ ತಾಳೆ ನೋಡಿ.

ವಾರಂಟಿ ತಾರೀಖು. ಕಂಪೆನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರು ಹಾಕಿದರೆ ವಾರಂಟಿ ಮುಗಿಯುವ ದಿನ ತೋರಿಸುತ್ತೆ. ಕೆಲವು ಸಲ ಇದು ಬಿಲ್ಲಿನ ತಾರೀಖಿಗಿಂತ ಹಿಂದೆ ಇರುತ್ತೆ. ಅವರು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಎಣಿಸಿರುತ್ತಾರೆ. ಬಿಲ್ಲಿನ ಪ್ರತಿ ಕಳಿಸಿ ತಿದ್ದಿಸಿಕೊಳ್ಳಬಹುದು. ದೋಷ ಬರುವ ಮೊದಲೇ ಈ ಕೆಲಸ ಮುಗಿಸಿಟ್ಟರೆ ಒಳ್ಳೆಯದು.

ದೂರು ನಂಬರು. ಸೀದಾ ಸರ್ವಿಸ್ ಸೆಂಟರಿಗೆ ಹೋಗುವ ಬದಲು ಮೊದಲು ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿ ದೂರು ನಂಬರು ಪಡೆಯಿರಿ. ವಾರಂಟಿ ಮುಗಿಯಲು ಹತ್ತೇ ದಿನ ಇದ್ದಾಗ ಗೆರೆ ಬಂತು ಅನ್ನಿ. ರಿಪೇರಿ ಆಗುವಾಗ ವಾರಂಟಿ ದಾಟಿರಬಹುದು. ಆದರೆ ದೂರು ದಾಖಲಾದ ತಾರೀಖು ವಾರಂಟಿಯೊಳಗೆ ಇದ್ದರೆ ನಿಮ್ಮ ಕೈ ಮೇಲೆ. ‘ಇನ್ನೂ ಕಾಣುತ್ತಲ್ಲ, ಪರೀಕ್ಷೆ ಮುಗಿಯಲಿ’ ಅಂತ ಮಕ್ಕಳು ತಳ್ಳಿಹಾಕುತ್ತಾರೆ. ಬಿಡಬೇಡಿ.

ಮನೆಗೇ ಬರುತ್ತಾರಾ? ಕೆಲವು ವಾರಂಟಿಯಲ್ಲಿ ರಿಪೇರಿಯವರು ಮನೆಗೆ ಬರುತ್ತಾರೆ. ಕೆಲವದರಲ್ಲಿ ನಾವೇ ಹೊತ್ತು ಹೋಗಬೇಕು. ಮೊದಲನೆಯದಾದರೂ ನಮ್ಮ ಊರಿನ ಪಿನ್ ಕೋಡಿಗೆ ಉಂಟೋ ಇಲ್ಲವೋ ಕೇಳಿ. ನಮಗೆ ಮೈಸೂರಿಗೆ ಬನ್ನಿ ಅಂದರು. ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ಹೋಗಿ ಬರಲು ಒಂದು ದಿನದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಪರದೆ ಸ್ಟಾಕ್ ಇದೆಯೋ, ಎಷ್ಟು ದಿನ ಬೇಕು ಅಂತ ಫೋನಿನಲ್ಲೇ ಕೇಳಿಕೊಂಡರೆ ಒಂದು ಸುತ್ತು ಉಳಿಯುತ್ತೆ.

ಕಡತಗಳ ನಕಲು. ಓದಿನ ಕಡತವೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಒಳಗಿನ ಮಾಹಿತಿ ಹೋದರೆ ಕಂಪೆನಿ ಜವಾಬ್ದಾರಿ ಹೊರುವುದಿಲ್ಲ. ಗೆರೆ ಬಂದ ಪರದೆ ಪೂರ್ತಿ ಕಪ್ಪಾದರೂ ಆಯಿತು. ಆಗ ಟಿವಿಗೆ ಜೋಡಿಸಿ ನಕಲು ಮಾಡಿಕೊಳ್ಳಬಹುದು.

ಜಾಬ್ ಶೀಟ್: ಇಲ್ಲೇ ಗೆಲುವು, ಇಲ್ಲೇ ಸೋಲು

ಯಂತ್ರ ಒಳಗೆ ತೆಗೆದುಕೊಳ್ಳುವಾಗ ಒಂದು ಚೀಟಿ ಬರೆಯುತ್ತಾರೆ. ಜಾಬ್ ಶೀಟ್ ಅಂತಾರೆ. ಅದರಲ್ಲಿ ಯಂತ್ರದ ಸ್ಥಿತಿ ಬರೆಯುವ ಜಾಗ ಇರುತ್ತೆ. ಗೀರು, ತಗ್ಗು ಇದೆ ಅಂತ ರೂಢಿಗೆ ಬರೆದುಬಿಡುವುದುಂಟು. ಓದದೆ ಸಹಿ ಮಾಡಿದರೆ ‘ಪೆಟ್ಟು ಬಿದ್ದಿದೆ’ ಅನ್ನುವುದಕ್ಕೆ ನಾವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಸಹಿ ಮಾಡುವ ಮೊದಲು ಮಗಳಿಂದ ಓದಿಸಿದೆ. ಸ್ಥಿತಿಯ ಜಾಗ ಖಾಲಿ ಇತ್ತು. ‘ಬಿರುಕಿಲ್ಲ, ತಗ್ಗಿಲ್ಲ, ಮೂರು ನೇರ ಗೆರೆ ಇದೆ ಅಂತ ಬರೀರಿ ಸ್ವಾಮಿ’ ಅಂದೆ. ಕೌಂಟರಿನ ಹುಡುಗ ಎದುರಿಗೇ ನೋಡಿ ಬರೆದುಕೊಟ್ಟ. ಜಗಳವೇನೂ ಆಗಲಿಲ್ಲ. ಆ ಪ್ರತಿ ನಮ್ಮ ಹತ್ತಿರ ಉಳಿಯಿತು. ಚಾರ್ಜರ್ ಕೊಟ್ಟಿದ್ದರೆ ಅದನ್ನೂ ಬರೆಸಿ.

ನಾಲ್ಕು ದಿನ ಕಳೆದು ಫೋನ್ ಬಂತು. ಪೆಟ್ಟು, ವಾರಂಟಿ ಇಲ್ಲ, ರೂ. 12,800. ನಾವು ಕೇಳಿದ್ದು ಮೂರೇ ಮಾತು.

ಪೆಟ್ಟು ಬಿದ್ದಿರುವ ಜಾಗ ಯಾವುದು? ಗುರುತು ಹಾಕಿ ಫೋಟೋ ಕಳಿಸಿ.

ವಾರಂಟಿ ಕೊಡುವುದಿಲ್ಲ ಅನ್ನುವುದನ್ನು ಕಾರಣ ಸಹಿತ ಬರಹದಲ್ಲಿ ಕೊಡಿ.

ನಿಮ್ಮದೇ ಜಾಬ್ ಶೀಟಿನಲ್ಲಿ ಬಿರುಕಿಲ್ಲ ಅಂತಿದೆ. ಬಿರುಕು ಈಗ ಇದ್ದರೆ ಅದು ಆದದ್ದು ಎಲ್ಲಿ?

ಮೂರನ್ನೂ ದೂರು ನಂಬರು ಹಾಕಿ ಕಂಪೆನಿಗೆ ಇಮೇಲ್ ಮಾಡಿಸಿದೆವು. ಜೊತೆಗೆ ಜಾಬ್ ಶೀಟಿನ ಫೋಟೋ, ಮನೆಯಲ್ಲಿ ಮಾಡಿದ ವಿಡಿಯೋ. ಎರಡು ದಿನಕ್ಕೆ ಉತ್ತರ ಬಂತು: ಪರದೆ ತರಿಸುತ್ತಿದ್ದೇವೆ, ಖರ್ಚಿಲ್ಲ. ಯಂತ್ರ ಕೊಟ್ಟ 19ನೇ ದಿನಕ್ಕೆ ವಾಪಸ್ ಕೈಗೆ ಸಿಕ್ಕಿತು.

ಫೋನಿನಲ್ಲಿ ಎಷ್ಟು ಮಾತಾಡಿದರೂ ಗಾಳಿಗೆ ಹೋಗುತ್ತೆ. ಬರಹದಲ್ಲಿ ಕೇಳಿದರೆ ಅವರೂ ಬರಹದಲ್ಲಿ ಉತ್ತರಿಸಬೇಕು. ಸಾಕ್ಷಿ ಇಲ್ಲದ ಮಾತನ್ನು ಬರೆದು ಸಹಿ ಹಾಕಲು ಯಾರಿಗೂ ಧೈರ್ಯ ಸಾಲದು.

ವಾಪಸ್ ತರುವಾಗ ಅಲ್ಲೇ ಆನ್ ಮಾಡಿ ನೋಡಿ. ಬದಲಾಯಿಸಿದ ಭಾಗ ಯಾವುದು ಅಂತ ಚೀಟಿಯಲ್ಲಿ ಬರೆಸಿ. ಹೊಸ ಪರದೆಗೆ ವಾರಂಟಿ ಎಷ್ಟು ದಿನ ಅಂತ ಕೇಳಿ ಅದನ್ನೂ ಬರೆಸಿಕೊಳ್ಳಿ.

ಇಷ್ಟಕ್ಕೂ ಬಗ್ಗದಿದ್ದರೆ

ಮೊದಲ ಮೆಟ್ಟಿಲು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಇವರು ತೀರ್ಪು ಕೊಡುವವರಲ್ಲ. ನಿಮ್ಮ ದೂರನ್ನು ಕಂಪೆನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಎಷ್ಟೋ ತಕರಾರು ಇಲ್ಲೇ ಮುಗಿಯುತ್ತೆ.

ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಅಂಗಡಿಯ ದೂರು ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು.

ಕೊನೆಯದು ಜಿಲ್ಲಾ ಗ್ರಾಹಕರ ಆಯೋಗ. ಮೊದಲು ಇದನ್ನೇ ಗ್ರಾಹಕರ ವೇದಿಕೆ ಅನ್ನುತ್ತಿದ್ದರು. 1986ರ ಕಾಯ್ದೆ ಹೋಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರಲ್ಲಿ ನಮ್ಮಂಥವರಿಗೆ ಅನುಕೂಲವಾದ ಸಂಗತಿಗಳು:

ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪೆನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನಮ್ಮ ತಾಲೂಕಿನವರಿಗೆ ಚಾಮರಾಜನಗರ ಸಾಕು. ಹಳೇ ಕಾಯ್ದೆಯಲ್ಲಿ ಈ ಸೌಲಭ್ಯ ಇರಲಿಲ್ಲ.

ಕೊಟ್ಟ ಬೆಲೆ ರೂ. 5 ಲಕ್ಷದವರೆಗೆ ಇದ್ದರೆ ಆಯೋಗಕ್ಕೆ ಶುಲ್ಕ ಇಲ್ಲ.

ವಕೀಲರು ಕಡ್ಡಾಯವಲ್ಲ. ನಾವೇ ವಾದಿಸಬಹುದು.

ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು.

ಬಿಲ್ಲು ಕೊಡದಿರುವುದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ‘ಬಿಲ್ಲು ಬೇಡ ಅಂದ್ರೆ ಸಾವಿರ ಕಮ್ಮಿ ಮಾಡ್ತೀನಿ’ ಅನ್ನುವ ಅಂಗಡಿಯಿಂದ ದೂರ ಇರಿ. ಸಾವಿರ ಉಳಿಸಿ ವಾರಂಟಿ ಕಳೆದುಕೊಂಡಂತೆ.

2025ರ ಜನವರಿ 1ರಿಂದ ‘ಇ-ಜಾಗೃತಿ’ ಅನ್ನುವ ಸರಕಾರಿ ವೆಬ್‌ಸೈಟ್ ಬಂದಿದೆ. ಅದರ ಮೂಲಕವೂ ದೂರು ಸಲ್ಲಿಸಬಹುದು. ಅದಕ್ಕೂ ಮೊದಲು ಕಂಪೆನಿಗೆ, ಅಂಗಡಿಗೆ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಇಂತಿಷ್ಟು ದಿನದೊಳಗೆ ಸರಿಮಾಡಿ, ಇಲ್ಲವಾದರೆ ಆಯೋಗಕ್ಕೆ ಹೋಗುತ್ತೇನೆ ಅಂತ ಬರೆದರೆ ಸಾಕು.

ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ನಡೆಯುವಾಗ ಇದಕ್ಕಿಂತ ಹೆಚ್ಚು ಹಿಡಿಯಬಹುದು. ಅಷ್ಟು ದಿನ ಮಕ್ಕಳು ಲ್ಯಾಪ್‌ಟಾಪ್ ಇಲ್ಲದೆ ಇರಬೇಕು. ಅದಕ್ಕೇ ಜಾಬ್ ಶೀಟಿನ ಹಂತದಲ್ಲೇ ಗಟ್ಟಿಯಾಗಿರುವುದು ಮೇಲು.

ಹೊಲದ ಸಾಮಾನಿಗೂ ಇದೇ ದಾರಿ

ಹೊಲದ ವ್ಯವಹಾರ ವ್ಯಾಪಾರವಲ್ಲವೇ, ರೈತ ಗ್ರಾಹಕ ಹೇಗಾಗುತ್ತಾನೆ ಅಂತ ಕೆಲವರು ಕೇಳುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡ ವಸ್ತು ವಾಣಿಜ್ಯದ್ದಲ್ಲ ಅಂತ ಕಾಯ್ದೆಯಲ್ಲೇ ಇದೆ. ಬಿತ್ತನೆ ಬೀಜದ ವಿಚಾರದಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಬೀಜ ಕೊಂಡ ರೈತನೂ ಗ್ರಾಹಕ, ಬೀಜದ ಕಾಯ್ದೆ ಇದೆ ಅಂತ ಗ್ರಾಹಕರ ಕಾಯ್ದೆಯ ಬಾಗಿಲು ಮುಚ್ಚುವುದಿಲ್ಲ ಅನ್ನುವುದು ಅದರ ಸಾರ. ಅದು ಹಿಂದಿನ ಕಾಯ್ದೆಯ ಕಾಲದ್ದು, ಆದರೂ ದಾರಿ ತೋರಿಸುವ ತೀರ್ಪು.

ಮೋಟಾರು ಸುಟ್ಟರೆ ‘ವೋಲ್ಟೇಜ್ ತೊಂದರೆ’ ಅಂತಾರೆ. ಸ್ಪ್ರೇಯರ್ ಬ್ಯಾಟರಿ ಹೋದರೆ ‘ನೀರು ಬಿದ್ದಿದೆ’ ಅಂತಾರೆ. ಬೀಜ ಮೊಳೆಯದಿದ್ದರೆ ‘ಹದ ಇರಲಿಲ್ಲ’ ಅಂತಾರೆ. ಪ್ರಶ್ನೆ ಪರದೆಯದ್ದೇ: ಒಳಗಿನದೋ, ಹೊರಗಿನದೋ? ಉತ್ತರ ಕೊಡುವುದೂ ಅದೇ ಕಾಗದಗಳು. ಯಂತ್ರವಾದರೆ ಬಿಲ್ಲು, ಸೀರಿಯಲ್ ನಂಬರು, ಜಾಬ್ ಶೀಟ್. ಬೀಜವಾದರೆ ಬಿಲ್ಲು, ಲಾಟ್ ನಂಬರಿನ ಚೀಟಿ, ಖಾಲಿ ಚೀಲ, ಜೊತೆಗೆ ಬಿತ್ತದೆ ಉಳಿಸಿದ ಒಂದಿಷ್ಟು ಬೀಜ.

ಇನ್ನೊಂದು ಮಾತು. ಈಗ ಬಹಳ ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಬಿಸಿಲಿಗೆ, ಶಾಖಕ್ಕೆ ಮಾಸುತ್ತೆ. ವರ್ಷ ತುಂಬುವುದರೊಳಗೆ ಬರೀ ಬಿಳಿ ಹಾಳೆ ಉಳಿದರೂ ಉಳಿಯಿತು. ತಂದ ದಿನವೇ ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಮನೆಯಲ್ಲಿ ಪಹಣಿ, ಪಾಸ್‌ಬುಕ್ ಇಡುವ ಪೆಟ್ಟಿಗೆ ಇದ್ದೇ ಇರುತ್ತದಲ್ಲ, ಬಿಲ್ಲಿಗೂ ಅದೇ ಜಾಗ.